ತಮ್ಮನ ಕಿಡ್ನಿಗೆ ಒಳಪೆಟ್ಟು, ಗ್ರೇಡ್ 4 ಅಂದಿದ್ದಾರೆ. ಆಪರೇಷನ್ ಬೇಡ ಅನ್ನುವುದು ಸರಿಯೇ?

ಘಟಪ್ರಭಾ ದಂಡೆ:
ಎಲ್ಲರಿಗೂ ನಮಸ್ಕಾರ. ನಮ್ಮೂರು ಮುಧೋಳದ ಹತ್ತಿರ. ಕಬ್ಬು ಕಟಾವಿನ ಹಂಗಾಮು ನಡೆದಿದೆ. ಮೊನ್ನೆ ರಾತ್ರಿ ನನ್ನ ತಮ್ಮ ಬೈಕಿನಲ್ಲಿ ಬರುವಾಗ ರಸ್ತೆ ಬದಿಗೆ ನಿಲ್ಲಿಸಿದ್ದ ಕಬ್ಬಿನ ಟ್ರಾಲಿಗೆ ಹಿಂದಿನಿಂದ ಬಡಿದಿದ್ದಾನೆ. ಟ್ರಾಲಿಗೆ ದೀಪ ಇಲ್ಲ, ರಿಫ್ಲೆಕ್ಟರೂ ಇಲ್ಲ. ಎಡ ಪಕ್ಕೆಗೆ ಟ್ರಾಲಿಯ ಮೂಲೆ ತಾಗಿದೆ. ಮೇಲೆ ನೋಡಿದರೆ ತರಚಿದ ಗಾಯ ಅಷ್ಟೇ. ಆದರೆ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮೂತ್ರ ಪೂರ್ತಿ ಕೆಂಪಗೆ ಬಂತು.

ಈಗ ಬೆಳಗಾವಿಯ ಆಸ್ಪತ್ರೆಯಲ್ಲಿ ಇದ್ದೇವೆ. ಸಿಟಿ ಸ್ಕ್ಯಾನ್ ಮಾಡಿ, ಎಡ ಕಿಡ್ನಿ ಸೀಳಿದೆ, ಗ್ರೇಡ್ 4, ಸುತ್ತ ರಕ್ತ ನಿಂತಿದೆ, ಸ್ವಲ್ಪ ಮೂತ್ರವೂ ಹೊರಗೆ ಸೋರುತ್ತಿದೆ ಅಂದರು. ರಕ್ತ ಹಾಕಿದ್ದಾರೆ. ಐಸಿಯುದಲ್ಲಿ ಮಲಗಿಸಿದ್ದಾರೆ. ಆದರೆ ಆಪರೇಷನ್ ಈಗ ಬೇಡ, ಕಾದು ನೋಡೋಣ ಅನ್ನುತ್ತಾರೆ.

ಮನೆಯವರೆಲ್ಲ ಗಾಬರಿಯಾಗಿದ್ದಾರೆ. ಕಾಕಾ ಮಿರಜಿಗೆ ಒಯ್ಯೋಣ ಅನ್ನುತ್ತಾರೆ. ಸೋದರಮಾವ, ಒಡೆದ ಕಿಡ್ನಿ ಒಳಗೆ ಬಿಟ್ಟರೆ ವಿಷ ಆಗುತ್ತದೆ, ತೆಗೆಸಿಬಿಡಿ ಅನ್ನುತ್ತಾರೆ. ಅವ್ವ ಊಟ ಬಿಟ್ಟು ಕೂತಿದ್ದಾಳೆ. ಸೀಳಿದ ಕಿಡ್ನಿಯನ್ನು ಹೊಲಿಯದೆ ಸುಮ್ನೆ ಮಲಗಿಸಿದರೆ ಅದು ಹೇಗೆ ಕೂಡುತ್ತದೆ? ತಿಳಿದವರು ದಯವಿಟ್ಟು ಹೇಳಿ.

ಟಿಕೋಟಾ ದ್ರಾಕ್ಷಿ:
ಅಣ್ಣಾ, ಮೊದಲು ಅವ್ವನಿಗೆ ಊಟ ಮಾಡಿಸಿ. ಬೆಳಗಾವಿ ಮುಟ್ಟಿದ್ದೀರಿ, ಸ್ಕ್ಯಾನ್ ಆಗಿದೆ, ರಕ್ತ ಸಿಕ್ಕಿದೆ. ಅರ್ಧ ದಾರಿ ದಾಟಿದಂತೆಯೇ. ನಮ್ಮ ಗುಂಪಿನ ಡಾಕ್ಟ್ರು ರಾತ್ರಿ ನೋಡಿ ಬರೆಯುತ್ತಾರೆ.

ಬೆಳಗಾವಿ ಯೂರಾಲಜಿ ಡಾಕ್ಟರ್:
ನಿಮ್ಮ ತಮ್ಮನ ಸ್ಕ್ಯಾನ್ ನಾನು ನೋಡಿಲ್ಲ. ಅಲ್ಲಿ ನಿಂತು ನೋಡುತ್ತಿರುವ ಡಾಕ್ಟರ ಮಾತೇ ನಿಮಗೆ ಕೊನೆಯದು. ಆದರೆ ಆಪರೇಷನ್ ಯಾಕೆ ಬೇಡ ಅನ್ನುವುದನ್ನು ಮನೆಯವರಿಗೆ ಬಿಡಿಸಿ ಹೇಳಬೇಕು. ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಕಿಡ್ನಿ ಹೊಟ್ಟೆಯ ಕರುಳಿನ ಜೊತೆ ಇರುವುದಿಲ್ಲ. ಅದರ ಹಿಂದೆ, ಬೆನ್ನಿಗೆ ಹತ್ತಿ, ಕೊನೆಯ ಪಕ್ಕೆಲುಬುಗಳ ಮರೆಯಲ್ಲಿ ಇರುತ್ತದೆ. ಸುತ್ತ ಕೊಬ್ಬು, ಕೊಬ್ಬಿನ ಸುತ್ತ ಗೆರೋಟಾ ಪೊರೆ ಅಂತ ಒಂದು ಗಟ್ಟಿ ಪದರ. ಕಿಡ್ನಿ ಸೀಳಿದಾಗ ರಕ್ತ ಈ ಪೊರೆಯ ಒಳಗೇ ತುಂಬುತ್ತದೆ. ಜಾಗ ಕಡಿಮೆ ಇರುವುದರಿಂದ ಸ್ವಲ್ಪ ಹೊತ್ತಿನಲ್ಲಿ ಒತ್ತಡ ಏರಿ, ಕೈ ಕೊಯ್ದಾಗ ಬಟ್ಟೆ ಬಿಗಿಯಾಗಿ ಕಟ್ಟಿದ ಹಾಗೆ, ರಕ್ತಸ್ರಾವ ತಾನೇ ನಿಲ್ಲುತ್ತದೆ. ಆಪರೇಷನ್ ಅಂತ ಒಳಗೆ ಹೋಗಿ ಆ ಪೊರೆ ಬಿಚ್ಚಿದರೆ ನಿಂತಿದ್ದ ರಕ್ತ ಮತ್ತೆ ಶುರುವಾಗುತ್ತದೆ. ಆಗ ರೋಗಿಯ ಜೀವ ಉಳಿಸಲು ಕಿಡ್ನಿಯನ್ನೇ ತೆಗೆಯಬೇಕಾಗಿ ಬರಬಹುದು. ಬೇಗ ಕೊಯ್ದ ಕಡೆ ಕಿಡ್ನಿ ಕಳೆದುಕೊಂಡವರು ಜಾಸ್ತಿ. ಸರ್ಜನ್‌ಗಳು ಹಲವು ದಶಕಗಳಲ್ಲಿ ಕಂಡುಕೊಂಡಿದ್ದು ಇದು. ಅದಕ್ಕೇ ಈಗ ಒಳಪೆಟ್ಟಿನ ಕಿಡ್ನಿಗೆ, ಬಿಪಿ ಸ್ಥಿರವಾಗಿ ನಿಂತಿದ್ದರೆ, ಕಾಯುವುದೇ ಮೊದಲ ಚಿಕಿತ್ಸೆ.

ಗ್ರೇಡ್ ಅನ್ನುವುದು 1989ರಲ್ಲಿ ಅಮೆರಿಕದ ಟ್ರಾಮಾ ಸರ್ಜನ್‌ಗಳ ಸಂಘ ಮಾಡಿದ ಲೆಕ್ಕ. 2018ರಲ್ಲಿ ತಿದ್ದಿದ ಲೆಕ್ಕದ ಪ್ರಕಾರ ಹೇಳುತ್ತೇನೆ. 1 ಅಂದರೆ ಜಜ್ಜಿದ್ದು ಅಥವಾ ಕಿಡ್ನಿಯ ಸಿಪ್ಪೆಯ ಕೆಳಗೆ ರಕ್ತ. 2 ಅಂದರೆ 1 ಸೆಂಟಿಮೀಟರಿನೊಳಗಿನ ಸೀಳು. 3 ಅದಕ್ಕಿಂತ ಆಳ, ಆದರೆ ಮೂತ್ರ ಸೋರುವುದಿಲ್ಲ. 4ರಲ್ಲಿ ಸೀಳು ಮೂತ್ರ ಕೂಡುವ ಜಾಗದವರೆಗೆ ಹೋಗಿರುತ್ತದೆ, ಇಲ್ಲವೇ ಒಳಗಿನ ಒಂದು ಕವಲು ರಕ್ತನಾಳಕ್ಕೆ ಪೆಟ್ಟಾಗಿರುತ್ತದೆ. 5 ಅಂದರೆ ಕಿಡ್ನಿ ಚೂರಾಗಿರುವುದು ಅಥವಾ ಮುಖ್ಯ ರಕ್ತನಾಳವೇ ಹರಿದಿರುವುದು. 1ರಿಂದ 3ರವರೆಗಿನವರು ಹೆಚ್ಚುಕಡಿಮೆ ಎಲ್ಲರೂ ಕತ್ತರಿ ಮುಟ್ಟಿಸದೆ ಮನೆಗೆ ಹೋಗುತ್ತಾರೆ. 4ರಲ್ಲೂ ಬಹುಪಾಲು ಜನರ ಕಿಡ್ನಿ ಉಳಿಯುತ್ತದೆ. 5ರಲ್ಲೂ ಬಿಪಿ ನಿಂತಿದ್ದರೆ ಈಗ ಕಾದು ನೋಡುತ್ತಾರೆ.

ನಿಮ್ಮ ಮಾವನವರ ಮಾತಿಗೆ ಉತ್ತರ: ಸುತ್ತ ನಿಂತ ರಕ್ತ ವಿಷ ಆಗುವುದಿಲ್ಲ. ಅದನ್ನು ದೇಹ ವಾರಗಟ್ಟಲೆ ಸಮಯ ತೆಗೆದುಕೊಂಡು ನಿಧಾನಕ್ಕೆ ಹೀರಿಕೊಳ್ಳುತ್ತದೆ. ಸೋರಿದ ಮೂತ್ರಕ್ಕೆ ಸೋಂಕು ತಗಲಿದರೆ ಮಾತ್ರ ತೊಂದರೆ. ಜ್ವರ, ಚಳಿ, ಪಕ್ಕೆ ನೋವು ಏರುವುದು ಅದರ ಗುರುತು. ಅದನ್ನೂ ಎಷ್ಟೋ ಸಲ ಕೊಯ್ಯದೆ, ಮೂತ್ರನಾಳದೊಳಗೆ ಸ್ಟೆಂಟ್ ಅನ್ನುವ ಸಣ್ಣ ಕೊಳವೆ ಹಾಕಿ ಅಥವಾ ಚರ್ಮದಿಂದ ಸಣ್ಣ ನಳಿಕೆ ಇಳಿಸಿ ಸರಿ ಮಾಡುತ್ತಾರೆ.

ಘಟಪ್ರಭಾ ದಂಡೆ:
ತುಂಬಾ ಉಪಕಾರ ಆಯ್ತು ಸರ್. ಇದನ್ನು ಮಾವನಿಗೆ ಓದಿ ಹೇಳಿದೆ. ಸುಮ್ಮನಾದರು. ಆದರೆ ಇನ್ನೊಂದು ಭಯ. ಮೂತ್ರ ಇನ್ನೂ ಕೆಂಪಗಿದೆ. ಅಂದರೆ ಒಳಗೆ ಇನ್ನೂ ರಕ್ತ ಹರಿಯುತ್ತಿದೆ ಅಂತಲೇ ಅಲ್ವಾ?

ವಾರ್ಡ್ ಸಿಸ್ಟರ್:
ಅಣ್ಣಾ, ನಾನು ವಿಜಯಪುರದ ಆಸ್ಪತ್ರೆಯಲ್ಲಿ ಸರ್ಜರಿ ವಾರ್ಡಿನಲ್ಲಿ ಕೆಲಸ ಮಾಡಿದವಳು. ಇಂಥ ರೋಗಿ ಬಂದಾಗ ನಾವು ಏನು ಮಾಡುತ್ತೇವೆ ಹೇಳುತ್ತೇನೆ. ಮೂತ್ರ ಬಂದಾಗಲೆಲ್ಲ ಒಂದಿಷ್ಟನ್ನು ಗಾಜಿನ ಟ್ಯೂಬಿಗೆ ಹಾಕಿ, ಮೇಲೆ ಪ್ಲಾಸ್ಟರ್ ಅಂಟಿಸಿ ಹೊತ್ತು ಬರೆದು, ಸಾಲಾಗಿ ನಿಲ್ಲಿಸುತ್ತೇವೆ. ಬೆಳಿಗ್ಗೆ 6ರದ್ದು ಬೀಟ್‌ರೂಟ್ ರಸದ ಬಣ್ಣ, ಮಧ್ಯಾಹ್ನದ್ದು ಅದಕ್ಕಿಂತ ತೆಳು, ರಾತ್ರಿಯದ್ದು ಚಹಾದ ಬಣ್ಣ. ಬೆಳಕಿಗೆ ಹಿಡಿದರೆ ಯಾರಿಗಾದರೂ ಗೊತ್ತಾಗುತ್ತದೆ. ರೌಂಡ್ಸಿಗೆ ಬಂದ ಡಾಕ್ಟರು ಎಲ್ಲಕ್ಕಿಂತ ಮೊದಲು ಆ ಸಾಲನ್ನೇ ನೋಡುತ್ತಾರೆ.

ಗಾಢ ಕೆಂಪು ಹೋಗಿ ಕಂದು ಬಣ್ಣ ಬಂದರೆ ಹಳೆಯ ರಕ್ತ ಹೊರಗೆ ಹೋಗುತ್ತಿದೆ ಅಂತ. ಕಂದು ಆಗಿದ್ದು ಮತ್ತೆ ಹೊಸ ಕೆಂಪಾದರೆ ತಕ್ಷಣ ಹೇಳಬೇಕು. ಹೆಪ್ಪುಗಟ್ಟಿದ ತುಂಡುಗಳು ಬಂದು ಮೂತ್ರ ಕಟ್ಟಿಕೊಂಡರೂ ಹೇಳಬೇಕು. ಕ್ಯಾತಿಟರ್ ಪೈಪು ಹೆಪ್ಪಿನಿಂದ ಕಟ್ಟಿದರೆ ಕೆಳಹೊಟ್ಟೆ ಉಬ್ಬಿ ರೋಗಿ ಒದ್ದಾಡುತ್ತಾನೆ. ಆಗ ಮೂರು ಬಾಯಿಯ ದಪ್ಪ ಪೈಪು ಹಾಕಿ ಸಲೈನಿನಿಂದ ತೊಳೆಯುತ್ತಾರೆ.

ಹಾಸಿಗೆ ಹತ್ತಿರ ಇರುವ ನೀವು ನೋಡಬೇಕಾದದ್ದು ಚೀಲದ ಬಣ್ಣ, ಚೀಲದಲ್ಲಿ ಮೂತ್ರ ಏರುತ್ತಿದೆಯೋ ಇಲ್ಲವೋ, ತಮ್ಮನ ಮುಖ ಬಿಳಿಚಿಕೊಂಡು ಬೆವರುತ್ತಿದೆಯೋ, ಇಷ್ಟೇ. ಉಳಿದದ್ದನ್ನು ಸಿಸ್ಟರ್‌ಗಳು ನೋಡುತ್ತಾರೆ.

ಬೆಳಗಾವಿ ಯೂರಾಲಜಿ ಡಾಕ್ಟರ್:
ಸಿಸ್ಟರ್ ಹೇಳಿದ್ದು ಅಕ್ಷರಶಃ ಸರಿ. ಆ ಟ್ಯೂಬಿನ ಸಾಲು ಹಳೇ ಪದ್ಧತಿ, ಆದರೆ ಬಹಳ ಒಳ್ಳೆಯದು.

ಇದಕ್ಕೆ ಒಂದು ಮಾತು ಸೇರಿಸಲೇಬೇಕು. ದಿನದಿಂದ ದಿನಕ್ಕೆ ಬಣ್ಣ ಹೇಗೆ ಬದಲಾಗುತ್ತದೆ ಅನ್ನುವುದು ಉಪಯೋಗಕ್ಕೆ ಬರುತ್ತದೆ. ಆದರೆ ಮೊದಲ ದಿನದ ಕೆಂಪು ಪೆಟ್ಟಿನ ಅಳತೆ ಅಲ್ಲ. ಬರೀ ಜಜ್ಜಿದ ಕಿಡ್ನಿಯೂ ಕೆಂಪು ಮೂತ್ರ ಕೊಡಬಹುದು. ರಕ್ತನಾಳವೇ ಹರಿದ, ಅಥವಾ ಮೂತ್ರದ ನಾಳವೇ ಬುಡದಲ್ಲಿ ಕಿತ್ತುಹೋದ ರೋಗಿಯ ಮೂತ್ರ ನೀರಿನ ಹಾಗೆ ತಿಳಿಯಾಗಿರಬಹುದು. ವೇಗದ ಗಾಡಿ ಥಟ್ಟನೆ ನಿಂತಾಗ, ಎತ್ತರದಿಂದ ಬಿದ್ದಾಗ, ಕಿಡ್ನಿ ಮುಂದಕ್ಕೆ ಜಗ್ಗಿ ಅದರ ಅಪಧಮನಿಯ ಒಳಪದರ ಬಿರುಕು ಬಿಡುತ್ತದೆ. ಅಲ್ಲಿ ರಕ್ತ ಹೆಪ್ಪುಗಟ್ಟಿ ಕಿಡ್ನಿಗೆ ರಕ್ತವೇ ಹೋಗುವುದಿಲ್ಲ. ಅಂಥ ಕಿಡ್ನಿ 4ರಿಂದ 6 ಗಂಟೆಯ ಮೇಲೆ ಉಳಿಯುವುದು ಕಷ್ಟ. ಹಾಗಾಗಿ ರಾಷ್ಟ್ರೀಯ ಹೆದ್ದಾರಿ 48ರಲ್ಲೋ 52ರಲ್ಲೋ ದೊಡ್ಡ ಅಪಘಾತ ಆಗಿ, ಪಕ್ಕೆಯಲ್ಲಿ ನೋವಿದ್ದು, ಮೂತ್ರ ತಿಳಿಯಾಗಿದೆ ಅಂತ ಯಾರೂ ಮನೆಗೆ ಹೋಗಬೇಡಿ. ಆಸ್ಪತ್ರೆಗೆ ಹೋಗಲು 108ಕ್ಕೆ ಕರೆ ಮಾಡಿ.

ಇನ್ನು ಎಚ್‌ಬಿ, ಅಂದರೆ ರಕ್ತದ ಹಿಮೋಗ್ಲೋಬಿನ್ ವಿಷಯ. ರಕ್ತ ಹೋದ ಕೂಡಲೇ ಎಚ್‌ಬಿ ಬೀಳುವುದಿಲ್ಲ, ಯಾಕೆಂದರೆ ಹೋಗುವುದು ಪೂರ್ತಿ ರಕ್ತ, ಉಳಿದದ್ದರ ದಪ್ಪ ಹಾಗೇ ಇರುತ್ತದೆ. ಕೆಲವು ಗಂಟೆ ಆದ ಮೇಲೆ, ಸಲೈನ್ ಒಳಗೆ ಹೋದ ಮೇಲೆ, ತೆಳುವಾಗಿ ಕೆಳಗೆ ಇಳಿಯುತ್ತದೆ. ಮೊದಲ ರಿಪೋರ್ಟಿನಲ್ಲಿ 13 ಇತ್ತು, ಈಗ 10 ಅಂತೆ, ಡಾಕ್ಟರು ಮುಚ್ಚಿಟ್ಟರು ಅಂತ ಜಗಳ ತೆಗೆಯುವವರನ್ನು ನೋಡಿದ್ದೇನೆ. ಮುಚ್ಚಿಟ್ಟದ್ದು ಏನೂ ಇರುವುದಿಲ್ಲ. ಅದಕ್ಕೇ ಒಂದು ಸಲ ನೋಡಿ ಬಿಡುವುದಿಲ್ಲ, ಕೆಲವು ಗಂಟೆಗೊಮ್ಮೆ ನೋಡುತ್ತಾರೆ. ಬಿಪಿ ಬೀಳುವ ಮೊದಲು ನಾಡಿ ಓಡಲು ಶುರು ಮಾಡುತ್ತದೆ. ಅನುಭವ ಇರುವ ಸಿಸ್ಟರ್ ನಾಡಿಯ ಮೇಲೆ ಜಾಸ್ತಿ ಕಣ್ಣಿಡುವುದು ಅದಕ್ಕೇ.

ಜಮಖಂಡಿ ಕೆಂಪುಮಣ್ಣು:
ಸರ್, ನಾನು ಗರಡಿ ಹುಡುಗ. ಜಾತ್ರೆಯ ಕುಸ್ತಿಯಲ್ಲಿ ಎದುರಿನವನ ಮೊಳಕಾಲು ನನ್ನ ಬಲ ಪಕ್ಕೆಗೆ ಕೂತಿತು. ಮೂತ್ರದಲ್ಲಿ ರಕ್ತ ಕಂಡ ಕೂಡಲೇ ನಮ್ಮ ವಸ್ತಾದರು ಎಣ್ಣೆ ತಿಕ್ಕಲು ಬಿಡದೆ ನೇರ ಆಸ್ಪತ್ರೆಗೆ ಕಳಿಸಿದರು. ಗ್ರೇಡ್ 2 ಅಂದರು. ಬಣ್ಣ ತಿಳಿಯಾಗುವವರೆಗೆ ಮಲಗಿದ್ದೆ, ಆಮೇಲೆ ಮನೆಗೆ ಬಂದೆ. ಈಗ ಪೂರ್ತಿ ಗುಣ ಆಗಿದೆ. ಗೆಳೆಯಾ, ನಿನ್ನ ತಮ್ಮನೂ ಎದ್ದು ಬರುತ್ತಾನೆ.

ಒಂದು ಮಾತು ಮಾತ್ರ ಎಲ್ಲರಿಗೂ ಹೇಳಬೇಕು. ನಮ್ಮ ಕಡೆ ಪಕ್ಕೆಗೆ ಪೆಟ್ಟಾದರೆ ಮೊದಲು ನೋವಿನ ಸೂಜಿ ಹಾಕಿಸುತ್ತಾರೆ, ಇಲ್ಲವೇ ತಿಕ್ಕಿಸುತ್ತಾರೆ, ಬಿಸಿ ಶಾಖ ಕೊಡುತ್ತಾರೆ. ಇದು ಸರಿಯೇ ಸರ್?

ಬೆಳಗಾವಿ ಯೂರಾಲಜಿ ಡಾಕ್ಟರ್:
ನಿಮ್ಮ ವಸ್ತಾದರಿಗೆ ನನ್ನ ನಮಸ್ಕಾರ ಹೇಳಿ. ಪಕ್ಕೆಗೆ, ಹೊಟ್ಟೆಗೆ ಪೆಟ್ಟಾದಾಗ ತಿಕ್ಕುವುದು ಬೇಡವೇ ಬೇಡ. ನಿಂತ ರಕ್ತ ಮತ್ತೆ ಶುರುವಾಗಬಹುದು. ಡೈಕ್ಲೋಫೆನಾಕ್ ತರಹದ ನೋವಿನ ಸೂಜಿ, ಮಾತ್ರೆಗಳು ರಕ್ತ ಹೆಪ್ಪುಗಟ್ಟುವುದಕ್ಕೆ ಅಡ್ಡಿ ಮಾಡುತ್ತವೆ. ಪೆಟ್ಟು ತಿಂದ ಕಿಡ್ನಿಗೂ ಒಳ್ಳೆಯದಲ್ಲ. ನೋವಿಗೆ ಪ್ಯಾರಾಸಿಟಮಾಲ್ ಸಾಕು, ಸಾಲದಿದ್ದರೆ ಆಸ್ಪತ್ರೆಯಲ್ಲಿ ಬೇರೆ ಔಷಧಿ ಕೊಡುತ್ತಾರೆ. ಹೃದಯಕ್ಕೆ ಅಂತ ರಕ್ತ ತೆಳು ಮಾಡುವ ಮಾತ್ರೆ ನುಂಗುವವರು ಅದನ್ನು ಮೊದಲೇ ಡಾಕ್ಟರಿಗೆ ಹೇಳಬೇಕು.

ಸೈಕಲ್ ಹುಡುಗನ ಅವ್ವ:
ನಾನು ವಿಜಯಪುರದವಳು. ನಮ್ಮೂರಲ್ಲಿ ಸೈಕಲ್ ಅಂದರೆ ಮಕ್ಕಳಿಗೆ ಪ್ರಾಣ. ನನ್ನ ಮಗ ಬಿದ್ದಾಗ ಹ್ಯಾಂಡಲಿನ ತುದಿ ಹೊಟ್ಟೆಯ ಪಕ್ಕಕ್ಕೆ ಒತ್ತಿತು. ರೂಪಾಯಿ ನಾಣ್ಯದಷ್ಟು ದುಂಡಗೆ ಕೆಂಪು ಗುರುತು, ಅಷ್ಟೇ. ಎದ್ದು ಮತ್ತೆ ಸೈಕಲ್ ಹತ್ತಿದ. ಸಂಜೆ ವಾಂತಿ, ಮೂತ್ರ ಕೆಂಪು. ಸ್ಕ್ಯಾನಿನಲ್ಲಿ ಅವನಿಗೆ ಮೊದಲೇ ಆ ಕಿಡ್ನಿ ಉಬ್ಬಿಕೊಂಡಿತ್ತು ಅಂತ ಗೊತ್ತಾಯಿತು. ಮೂತ್ರ ಇಳಿಯುವ ಜಾಗ ಹುಟ್ಟಿನಿಂದಲೇ ಸಣ್ಣ ಇತ್ತಂತೆ. ಆಮೇಲೆ ಅದಕ್ಕೆ ಬೇರೆ ಆಪರೇಷನ್ ಆಯಿತು. ಬಿದ್ದದ್ದರಿಂದ ಅದು ಬಯಲಿಗೆ ಬಂತು. ಸಣ್ಣ ಪೆಟ್ಟಿಗೆ ಇಷ್ಟು ರಕ್ತ ಯಾಕೆ ಬಂತು ಅಂತ ನನಗೆ ಆಗ ತಿಳಿದಿರಲಿಲ್ಲ.

ಬೆಳಗಾವಿ ಯೂರಾಲಜಿ ಡಾಕ್ಟರ್:
ಅಮ್ಮಾ, ನೀವು ಬರೆದದ್ದು ಬಹಳ ಜನಕ್ಕೆ ಉಪಯೋಗ. ಮಕ್ಕಳ ಕಿಡ್ನಿ ದೇಹದ ಲೆಕ್ಕಕ್ಕೆ ದೊಡ್ಡದು. ಸುತ್ತಲಿನ ಕೊಬ್ಬು ಕಡಿಮೆ, ಪಕ್ಕೆಲುಬು ಮೆತ್ತಗೆ. ಅದಕ್ಕೇ ಹ್ಯಾಂಡಲ್ ಒತ್ತಿದಷ್ಟಕ್ಕೇ ಪೆಟ್ಟಾಗುತ್ತದೆ. ಮಕ್ಕಳು ಸಾಕಷ್ಟು ರಕ್ತ ಕಳೆದುಕೊಂಡರೂ ಬಿಪಿ ಹಿಡಿದು ನಿಲ್ಲುತ್ತಾರೆ, ಆಮೇಲೆ ಒಮ್ಮೆಲೇ ಕುಸಿಯುತ್ತಾರೆ. ಮಗುವಿನ ಬಿಪಿ ಚೆನ್ನಾಗಿದೆ ಅಂತ ಧೈರ್ಯ ಮಾಡುವಂತಿಲ್ಲ. ಸಣ್ಣ ಪೆಟ್ಟು, ದೊಡ್ಡ ರಕ್ತ ಅಂದರೆ ಮೊದಲೇ ಏನೋ ಇತ್ತು ಅಂತ ಅನುಮಾನ ಪಡಬೇಕು: ಉಬ್ಬಿದ ಕಿಡ್ನಿ, ನೀರುಗುಳ್ಳೆ, ಎರಡೂ ಕಿಡ್ನಿ ಕೆಳಗೆ ಕೂಡಿಕೊಂಡ ಲಾಳದಾಕಾರದ ಕಿಡ್ನಿ, ಕೆಲವೊಮ್ಮೆ ಗಡ್ಡೆ.

ಟಿಕೋಟಾ ದ್ರಾಕ್ಷಿ:
ಸರ್, ತಾಲೂಕಿನ ಸ್ಕ್ಯಾನ್ ಸೆಂಟರಿನಲ್ಲಿ ಒಂದು ಸಲ ಸಿಟಿ ಮಾಡಿದ್ದನ್ನೇ ದೊಡ್ಡ ಆಸ್ಪತ್ರೆಯಲ್ಲಿ ಮತ್ತೆ ಮಾಡುತ್ತಾರೆ. ದುಡ್ಡಿಗೆ ಅಂತ ಜನ ಅನ್ನುತ್ತಾರೆ. ನಿಜವೇ?

ಬೆಳಗಾವಿ ಯೂರಾಲಜಿ ಡಾಕ್ಟರ್:
ಕಾರಣ ಬೇರೆ ಇದೆ. ಕಿಡ್ನಿ ಪೆಟ್ಟಿಗೆ ಡೈ, ಅಂದರೆ ಸ್ಕ್ಯಾನಿನಲ್ಲಿ ಬೆಳ್ಳಗೆ ಕಾಣುವ ಔಷಧಿಯನ್ನು ರಕ್ತನಾಳಕ್ಕೆ ಹಾಕಿ ಸ್ಕ್ಯಾನ್ ಮಾಡಬೇಕು. ಡೈ ಹೋದ ಕೂಡಲೇ ತೆಗೆದ ಚಿತ್ರದಲ್ಲಿ ರಕ್ತ ಎಲ್ಲಿ ಚಿಮ್ಮುತ್ತಿದೆ ಅಂತ ಕಾಣುತ್ತದೆ. ಸ್ವಲ್ಪ ಬಿಟ್ಟು ತೆಗೆದದ್ದರಲ್ಲಿ ಸೀಳು ಕಾಣುತ್ತದೆ. ಸುಮಾರು 10 ನಿಮಿಷ ಬಿಟ್ಟು ತೆಗೆದ ಚಿತ್ರದಲ್ಲಿ ಡೈ ಮೂತ್ರಕ್ಕೆ ಇಳಿದಿರುತ್ತದೆ, ಸೋರಿದರೆ ಅಲ್ಲಿ ಬೆಳ್ಳಗೆ ಕಾಣುತ್ತದೆ. ಈ ಕೊನೆಯದನ್ನು ಬಿಟ್ಟರೆ ಗ್ರೇಡ್ 4 ಅನ್ನುವುದು 3 ಅಂತ ರಿಪೋರ್ಟಿನಲ್ಲಿ ಬರಬಹುದು. ರೋಗಿ ಸ್ಥಿರವಾಗಿದ್ದರೆ ಆ 10 ನಿಮಿಷ ಕಾಯುವುದು ಬಹಳ ಮುಖ್ಯ. ಇನ್ನು ಗ್ರೇಡ್ 4, 5ರವರಿಗೆ 48ರಿಂದ 72 ಗಂಟೆಯ ನಡುವೆ ಮತ್ತೆ ಒಮ್ಮೆ ಸ್ಕ್ಯಾನ್ ಮಾಡುವುದು ರೂಢಿ. ಸೋರುವುದು ನಿಂತಿದೆಯೋ, ಹೆಚ್ಚಾಗಿದೆಯೋ ನೋಡಲು.

ಒಂದೇ ಕಿಡ್ನಿ, ಇಳಕಲ್:
ಇಲ್ಲಿ ಎಲ್ಲರೂ ಉಳಿದ ಕಿಡ್ನಿಯ ಮಾತು ಆಡುತ್ತಿದ್ದೀರಿ. ನನ್ನದು ಉಳಿಯಲಿಲ್ಲ. ಟ್ರ್ಯಾಕ್ಟರ್ ಪಲ್ಟಿಯಾಗಿ ಅದರ ಕೆಳಗೆ ಸಿಕ್ಕಿದ್ದೆ. ರಕ್ತ ಹಾಕಿದಷ್ಟೂ ಹೋಗುತ್ತಿತ್ತು, ಬಿಪಿ ನಿಲ್ಲಲಿಲ್ಲ. ರಾತ್ರಿಯೇ ಕೊಯ್ದು ತೆಗೆದರು. ಜೀವ ಉಳಿಯಿತು. ಆಪರೇಷನ್ ಮಾಡಿದ ಕೂಡಲೇ ಡಾಕ್ಟರನ್ನು ಬೈಯುವವರಿಗೆ ಇದನ್ನು ಹೇಳಬೇಕು ಅನ್ನಿಸಿತು. ಈಗ ಹೊಲ ಮಾಡುತ್ತೇನೆ, ಮಗಳ ಮದುವೆ ಮಾಡಿದ್ದೇನೆ. ವರ್ಷಕ್ಕೊಮ್ಮೆ ರಕ್ತ, ಮೂತ್ರ, ಬಿಪಿ ತೋರಿಸುತ್ತೇನೆ. ಮೈಕೈ ನೋವಿಗೆ ಅಂಗಡಿಯ ಮಾತ್ರೆ ತೆಗೆದುಕೊಳ್ಳುವುದಿಲ್ಲ.

ಬೆಳಗಾವಿ ಯೂರಾಲಜಿ ಡಾಕ್ಟರ್:
ಅಣ್ಣಾ, ನೀವು ಬರೆದದ್ದು ಒಳ್ಳೆಯದಾಯಿತು. ರಕ್ತ ಕೊಟ್ಟರೂ ಬಿಪಿ ನಿಲ್ಲದಿದ್ದರೆ ಕಾಯುವುದು ತಪ್ಪು. ಕಾಯುವ ಚಿಕಿತ್ಸೆ ಸ್ಥಿರವಾಗಿರುವ ರೋಗಿಗೆ ಮಾತ್ರ.

ಈ ಎರಡರ ನಡುವೆ ಇನ್ನೊಂದು ದಾರಿ ಇದೆ. ತೊಡೆಯ ಸಂದಿಯಲ್ಲಿರುವ ಅಪಧಮನಿಯಿಂದ ಸಣ್ಣ ತಂತಿ, ಟ್ಯೂಬು ಏರಿಸಿ, ಕಿಡ್ನಿಯಲ್ಲಿ ರಕ್ತ ಚಿಮ್ಮುತ್ತಿರುವ ಆ ಒಂದು ಕವಲನ್ನು ಮಾತ್ರ ಕಾಯಿಲ್ ಅನ್ನುವ ಸಣ್ಣ ತಂತಿ ಸುರುಳಿ ಹಾಕಿ ಮುಚ್ಚುತ್ತಾರೆ. ಎಂಬೊಲೈಸೇಷನ್ ಅನ್ನುತ್ತಾರೆ. ಉಳಿದ ಕಿಡ್ನಿ ಕೆಲಸ ಮಾಡುತ್ತಲೇ ಇರುತ್ತದೆ. ಇದಕ್ಕೆ ಕ್ಯಾಥ್‌ಲ್ಯಾಬ್, ಅಂದರೆ ರಕ್ತನಾಳದೊಳಗೆ ಹೀಗೆ ಟ್ಯೂಬು ಏರಿಸುವ ಕೋಣೆ ಬೇಕು, ಕೈ ಪಳಗಿದ ರೇಡಿಯಾಲಜಿಸ್ಟ್ ಬೇಕು, ರಾತ್ರಿ 2 ಗಂಟೆಗೂ ಸಿಗಬೇಕು. ಹೀಗಾಗಿ ಕಾಕಾ ಮಿರಜಿಗೆ ಒಯ್ಯೋಣ ಅಂದಾಗ ಕೇಳಬೇಕಾದ ಪ್ರಶ್ನೆ ಊರಿನದ್ದಲ್ಲ. ಈಗ ಇರುವ ಆಸ್ಪತ್ರೆಯಲ್ಲಿ ಯೂರಾಲಜಿಸ್ಟ್, ಐಸಿಯು, ರಕ್ತ ನಿಧಿ, ಎಂಬೊಲೈಸೇಷನ್ ಇವೆಯೇ? ಇದ್ದರೆ ಅಲ್ಲೇ ಇರಲಿ, ಗಾಡಿಯಲ್ಲಿ ಕುಲುಕಿಸುವುದು ಬೇಡ. ಇಲ್ಲದಿದ್ದರೆ ಬಿಪಿ ಚೆನ್ನಾಗಿರುವಾಗಲೇ ಕಳಿಸಬೇಕು. ಕುಸಿದ ಮೇಲೆ ಆಂಬುಲೆನ್ಸ್ ಹತ್ತಿಸುವುದು ಅಪಾಯ.

ವಾರ್ಡ್ ಸಿಸ್ಟರ್:
ಖರ್ಚಿನ ಬಗ್ಗೆ ಯಾರೂ ಬರೆದಿಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ರೇಷನ್ ಕಾರ್ಡು, ಆಧಾರ್ ತರಿಸಿಕೊಂಡು ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಮೊದಲ ದಿನವೇ ಭೇಟಿಯಾಗಿ. ರಸ್ತೆ ಅಪಘಾತ ಆದ್ದರಿಂದ ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸುವ ಆಸ್ಪತ್ರೆಯ ದಾಖಲೆ ಆಗಿದೆಯೋ ನೋಡಿ, ಆಮೇಲೆ ವಿಮೆಗೆ ಬೇಕಾಗುತ್ತದೆ. ಇನ್ನು, ರಸ್ತೆಯಲ್ಲಿ ಬಿದ್ದವರನ್ನು ಎತ್ತಿ ತಂದರೆ ಪೊಲೀಸರ ಕಾಟ ಅನ್ನುವ ಹೆದರಿಕೆ ಬಿಡಿ. ನಮ್ಮ ರಾಜ್ಯದಲ್ಲಿ 2016ರ ಕಾನೂನೇ ಅಂಥವರಿಗೆ ರಕ್ಷಣೆ ಕೊಟ್ಟಿದೆ.

ಘಟಪ್ರಭಾ ದಂಡೆ:
ಸಿಸ್ಟರ್, ಆರೋಗ್ಯ ಮಿತ್ರರನ್ನು ಕಂಡು ಬಂದೆ, ಕೆಲಸ ಆಯಿತು. ಇಲ್ಲಿ ಎಂಬೊಲೈಸೇಷನ್ ಸೌಲಭ್ಯ ಇದೆಯಂತೆ. ಮಿರಜಿನ ಮಾತು ನಿಂತಿದೆ.

ಎರಡನೇ ಸ್ಕ್ಯಾನ್ ಆಯಿತು. ರಕ್ತ ಹೆಚ್ಚಾಗಿಲ್ಲ. ಆದರೆ ಮೂತ್ರ ಸೋರುವುದು ನಿಂತಿಲ್ಲ, ಸ್ವಲ್ಪ ಜ್ವರವೂ ಬಂತು. ನಿನ್ನೆ ಒಳಗೆ ಡಿಜೆ ಸ್ಟೆಂಟ್ ಹಾಕಿದರು. ಕೊಯ್ಯಲಿಲ್ಲ, ಮೂತ್ರದ ದಾರಿಯಿಂದಲೇ ಹಾಕಿದರು. ಇವತ್ತು ಜ್ವರ ಇಲ್ಲ. ಚೀಲದ ಬಣ್ಣ ಚಹಾದಿಂದ ನಿಂಬೆ ಶರಬತ್ತಿನ ಬಣ್ಣಕ್ಕೆ ಬಂದಿದೆ. ಅವ್ವ ಜೋಳದ ರೊಟ್ಟಿ ತಂದು ಅವನಿಗೆ ಕೈಯಾರೆ ತಿನ್ನಿಸಿದಳು. ಮನೆಗೆ ಹೋದ ಮೇಲೆ ಏನು ನೋಡಬೇಕು ಸರ್?

ಬೆಳಗಾವಿ ಯೂರಾಲಜಿ ಡಾಕ್ಟರ್:
ಓದಿ ಬಹಳ ಖುಷಿಯಾಯಿತು. ಈಗ ಮನೆಯ ಪಾಠ, ಇದನ್ನು ಎಲ್ಲರೂ ಲಘುವಾಗಿ ತೆಗೆದುಕೊಳ್ಳುತ್ತಾರೆ.

ಸ್ಟೆಂಟ್ ಇರುವಷ್ಟು ದಿನ ಪದೇಪದೇ ಮೂತ್ರಕ್ಕೆ ಅವಸರ, ಸ್ವಲ್ಪ ಉರಿ, ಓಡಾಡಿದಾಗ ತಿಳಿಗೆಂಪು ಇರಬಹುದು. ಅದಕ್ಕೆ ಹೆದರಬೇಡಿ. ಆದರೆ ಸ್ಟೆಂಟ್ ತೆಗೆಯುವ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆಯಿರಿ. ಸಾಮಾನ್ಯವಾಗಿ ಕೆಲವು ವಾರಕ್ಕೆ ತೆಗೆಯುತ್ತಾರೆ. ಗುಣ ಆಯಿತು ಅಂತ ಮರೆತವರು, ಸ್ಟೆಂಟ್ ಸುತ್ತ ಹರಳು ಕಟ್ಟಿಕೊಂಡು ವರ್ಷಗಳ ನಂತರ ಬರುತ್ತಾರೆ. ಆಗ ಅದನ್ನು ತೆಗೆಯುವುದೇ ಒಂದು ದೊಡ್ಡ ಆಪರೇಷನ್.

ಎರಡು, ಮೂರು ವಾರ ಎಚ್ಚರ ಬೇಕು. ಪೆಟ್ಟಾದ ರಕ್ತನಾಳ ಕೆಲವರಲ್ಲಿ ಗುಳ್ಳೆಯ ಹಾಗೆ ಉಬ್ಬಿಕೊಂಡು, ಎಲ್ಲ ಸರಿಹೋಯಿತು ಅನ್ನುವ ಹೊತ್ತಿಗೆ ಒಡೆಯುತ್ತದೆ. ತಿಳಿಯಾಗಿದ್ದ ಮೂತ್ರ ಒಮ್ಮೆಲೇ ಗಾಢ ಕೆಂಪಾಗಿ ಹೆಪ್ಪು ಬಂದರೆ, ತಲೆ ಸುತ್ತಿದರೆ, ರಾತ್ರಿಯಾದರೂ ಹೊರಡಿ. ಅದಕ್ಕೂ ಎಂಬೊಲೈಸೇಷನ್ ಇದೆ.

ಇನ್ನು ಬಿಪಿ. ಕಿಡ್ನಿಯ ಸುತ್ತ ನಿಂತ ರಕ್ತ ಗಟ್ಟಿಯಾಗಿ ಕಿಡ್ನಿಯನ್ನು ಒತ್ತಿದರೆ, ನನಗೆ ರಕ್ತ ಸಾಲುತ್ತಿಲ್ಲ ಅಂತ ಕಿಡ್ನಿ ರೆನಿನ್ ಅನ್ನುವ ರಸವನ್ನು ರಕ್ತಕ್ಕೆ ಬಿಡುತ್ತದೆ, ಬಿಪಿ ಏರುತ್ತದೆ. 1939ರಲ್ಲಿ ಅರ್ವಿನ್ ಪೇಜ್ ಅನ್ನುವ ವಿಜ್ಞಾನಿ ನಾಯಿಯ ಕಿಡ್ನಿಗೆ ಸೆಲೋಫೇನ್ ಹಾಳೆ ಸುತ್ತಿ ಇದನ್ನು ತೋರಿಸಿದರು. ಇವತ್ತಿಗೂ ಪೇಜ್ ಕಿಡ್ನಿ ಅಂತಲೇ ಕರೆಯುತ್ತೇವೆ. ಆಗುವುದು ಕಡಿಮೆ ಜನಕ್ಕೆ. ಆದರೆ ಇಪ್ಪತ್ತು, ಮೂವತ್ತರ ಹುಡುಗನಿಗೆ ಬಿಪಿ ನೋಡಬೇಕು ಅಂತ ಯಾರಿಗೂ ಹೊಳೆಯುವುದಿಲ್ಲ, ಅದೇ ನನ್ನ ಕಳವಳ. ಕನಿಷ್ಠ ಒಂದು ವರ್ಷ, ನಿಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ತಿಂಗಳು, ಎರಡು ತಿಂಗಳಿಗೊಮ್ಮೆ ನೋಡಿಸಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಜೊತೆಗೆ ಕಿಡ್ನಿ ಕೆಲಸ ತೋರಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ, ಮೂತ್ರ ಪರೀಕ್ಷೆ. ಒಂದು ಕಿಡ್ನಿ ಚೆನ್ನಾಗಿದ್ದರೆ ಕ್ರಿಯಾಟಿನಿನ್ ಸರಿಯಾಗೇ ಬರುತ್ತದೆ, ಪೆಟ್ಟಾದದ್ದು ಎಷ್ಟು ಕೆಲಸ ಮಾಡುತ್ತಿದೆ ಅಂತ ಅದು ಹೇಳುವುದಿಲ್ಲ. ಅದಕ್ಕೆ ಕೆಲವು ತಿಂಗಳ ನಂತರ, ಒಂದೊಂದು ಕಿಡ್ನಿಯ ಕೆಲಸವನ್ನೂ ಬೇರೆಬೇರೆ ತೋರಿಸುವ ಡಿಎಂಎಸ್‌ಎ ಸ್ಕ್ಯಾನ್ ಹೇಳಬಹುದು. ಸೀಳಿದ ಜಾಗದಲ್ಲಿ ಕಲೆ ಉಳಿಯುತ್ತದೆ, ಸ್ವಲ್ಪ ಶಕ್ತಿ ಕಡಿಮೆಯಾಗಬಹುದು. ಉಳಿದ ಭಾಗ ಕೆಲಸ ಮಾಡುತ್ತದೆ.

ಘಟಪ್ರಭಾ ದಂಡೆ:
ಎಲ್ಲ ಬರೆದುಕೊಂಡೆ ಸರ್. ಕೊನೆಯ ಪ್ರಶ್ನೆ. ಹಂಗಾಮು ಮುಗಿಯುವುದರೊಳಗೆ ಟ್ರ್ಯಾಕ್ಟರ್ ಹೊಡೆಯಬಹುದೇ ಅಂತ ಈಗಲೇ ಕೇಳುತ್ತಿದ್ದಾನೆ. ಬಿಡುವಿನಲ್ಲಿ ಕಬಡ್ಡಿಯನ್ನೂ ಆಡುತ್ತಾನೆ.

ಬೆಳಗಾವಿ ಯೂರಾಲಜಿ ಡಾಕ್ಟರ್:
ಈ ಹಂಗಾಮು ಬೇಡ. ಟ್ರ್ಯಾಕ್ಟರಿನ ಕುಲುಕಾಟ, ಕಬ್ಬಿನ ಹೊರೆ ಎತ್ತುವುದು, ದೂರದ ಬೈಕ್ ಸವಾರಿ ಇವೆಲ್ಲ ಸ್ಟೆಂಟ್ ತೆಗೆದು, ಮೂತ್ರ ತಿಳಿಯಾಗಿ, ಡಾಕ್ಟರು ಸ್ಕ್ಯಾನ್ ನೋಡಿ ಹೂಂ ಅಂದ ಮೇಲೆ. ನಡೆದಾಡಲಿ, ಮನೆಯ ಸಣ್ಣ ಕೆಲಸ ಮಾಡಲಿ. ಕಬಡ್ಡಿ, ಕುಸ್ತಿಗೆ ಇಷ್ಟು ದೊಡ್ಡ ಪೆಟ್ಟಿನ ನಂತರ 6 ತಿಂಗಳಿಂದ ಒಂದು ವರ್ಷ ಬಿಡುವು ಕೊಡುತ್ತಾರೆ. ಜಮಖಂಡಿ ತಮ್ಮನಂಥ ಗ್ರೇಡ್ 2ಕ್ಕೆ ಕೆಲವು ವಾರ ಸಾಕಾಗುತ್ತದೆ, ಅದನ್ನು ನೋಡಿ ಇವನು ಆತುರಪಡುವುದು ಬೇಡ.

ಜಮಖಂಡಿ ಕೆಂಪುಮಣ್ಣು:
ಮುಧೋಳದ ಗೆಳೆಯಾ, ನಿಮ್ಮ ಟ್ರ್ಯಾಕ್ಟರಿಗೆ ಡ್ರೈವರ್ ಬೇಕಿದ್ದರೆ ನನಗೆ ಮೆಸೇಜ್ ಮಾಡು. ನಮ್ಮ ಗರಡಿಯ ಇಬ್ಬರು ಹುಡುಗರು ಬರಲು ತಯಾರಿದ್ದಾರೆ. ಲೈಸೆನ್ಸ್ ಇದೆ. ಟ್ರಾಲಿಯ ಹಿಂದೆ ಅಂಟಿಸಲು ರಿಫ್ಲೆಕ್ಟರ್ ಪಟ್ಟಿಯನ್ನೂ ತರುತ್ತಾರೆ.